ಚಿಲಕವಿಲ್ಲದ ಮನೆ

"ಬಾಗಿಲನ್ನ ನಿಮ್ ಕಡೆಗೆ ಎಳೆದು ಹಿಡ್ಕೊಳ್ಳಿ ಚಾಚಾ. ಗುಸ್ಲ್ ಮುಗಿಯೋವರೆಗೂ ಬಿಡ್ಬೇಡಿ," ಎಂದು ಹೇಳಿ ಮುಬೀನ್ ಒಳಗೆ ಹೋದ. ಲಕ್ಕಣ್ಣ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಹೊಸ್ತಿಲಿಗೆ ಒಂದು ಕಾಲು ಒತ್ತಿಕೊಟ್ಟು ನಿಂತ. ಎಪ್ಪತ್ತೇಳು ದಾಟಿದ ಮುದುಕನಿಗೆ ಕೊಡುವ ಕೆಲಸವಲ್ಲ ಅದು. ಆದರೆ ಬೆಳಗಿನಿಂದ 'ನಂಗೂ ಏನಾದ್ರೂ ಕೆಲ್ಸ ಕೊಡ್ರಪ್ಪಾ' ಎಂದು ಎಲ್ಲರ ಬೆನ್ನು ಬಿದ್ದವನು ಅವನೇ.

ಒಳಗೆ ಮಸೀದಿಯಿಂದ ಬಂದ ಹಜರತ್ತರು ಮಗ ಮುಬೀನನನ್ನು ಜೊತೆಗಿಟ್ಟುಕೊಂಡು ಮನ್ಸೂರನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಸ್ನಾನ ಮರೆಯಲ್ಲಿ ಆಗಬೇಕು. ಆ ಮನೆಯಲ್ಲಿ ಮರೆ ಎಲ್ಲಿಂದ ತರುವುದು? ಆರ್.ಟಿ. ನಗರದ ಆ ಪುಟ್ಟ ಮನೆಯ ಒಂದೇ ಒಂದು ಬಾಗಿಲಿಗೂ ಚಿಲಕವಿಲ್ಲ. ಬೀದಿ ಬಾಗಿಲಿಗಿಲ್ಲ, ಬಚ್ಚಲಿಗೂ ಇಲ್ಲ. ಮನೆ ಕಟ್ಟಿಸಿದ ವರ್ಷ ಬಡಗಿ ಹಾಕಿಕೊಟ್ಟಿದ್ದ ಚಿಲಕಗಳನ್ನೆಲ್ಲ ಮನ್ಸೂರ ಸ್ಕ್ರೂಡ್ರೈವರ್ ಹಿಡಿದು ತಾನೇ ಬಿಚ್ಚಿಹಾಕಿದ್ದ. ಸ್ಕ್ರೂಗಳ ತೂತು ಮಾತ್ರ ಹಾಗೇ ಉಳಿದಿದ್ದವು. ಲಕ್ಕಣ್ಣನ ಮೂಗಿನ ನೇರಕ್ಕಿದ್ದ ಒಂದು ತೂತಿನಿಂದ ಊದಿನ ಹೊಗೆ ಎಳೆಯೆಳೆಯಾಗಿ ಹೊರಗೆ ಬರುತ್ತಿತ್ತು. ಅವನು ಮುಖ ತಿರುಗಿಸಿಕೊಂಡ.

ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರ ಮಾತು ಕೇಳುತ್ತಿತ್ತು. ಪಕ್ಕದ ಮನೆಯ ವಿಜಯ್ ಕುಮಾರ್ ಯಾರಿಗೋ ಹೇಳುತ್ತಿದ್ದರು.

"ಎರಡ್ ಸಲ ಗ್ಯಾಸ್ ಸಿಲಿಂಡರ್ ಹೊತ್ಕೊಂಡ್ ಹೋದ್ರು ಕಣ್ರೀ. ಆದ್ರೂ ಬೀಗ ಹಾಕ್ಲಿಲ್ಲ. ಕೇಳಿದ್ರೆ, 'ಹೋಗ್ಲಿ ಬಿಡಿ ವಿಜಯ್, ಅವನ ಮನೇಲೂ ಒಲೆ ಉರೀಲಿ' ಅಂದ್ರು. ಅಂಥಾ ಮನುಷ್ಯ."

"ಸಬ್‌ಮರೀನಲ್ಲಿ ಇದ್ದೋರಲ್ವಾ? ತಿಂಗಳುಗಟ್ಟಲೆ ನೀರೊಳಗೆ ಇದ್ರೆ ಯಾರಿಗಾದ್ರೂ ಹಂಗಾಗುತ್ತೆ."

"ಅದಲ್ಲ. ಒಂದ್ಸಲ ಬೆಂಕಿ ಹತ್ಕೊಂಡಾಗ ಒಳಗೆ ಸಿಕ್ಕಾಕೊಂಡಿದ್ರಂತೆ. ಆಚೆಯಿಂದ ಯಾರೋ ಬಾಗಿಲು ಜಡಿದ್ಬಿಟ್ರಂತೆ." ವಿಜಯ್ ಕುಮಾರ್ ಕುರ್ಚಿಯಲ್ಲೇ ಹಿಂದಕ್ಕೆ ವಾಲಿ ನಡುಮನೆಯತ್ತ ಇಣುಕಿದರು. "ಲಕ್ಕಣ್ಣನೋರೂ ಅದೇ ಬೋಟಲ್ಲಿ ಇದ್ರು. ಏನ್ ಸಾರ್, ಯಾರ್ ಸಾರ್ ಹಾಕಿದ್ದು ಬಾಗಿಲು?"

ಲಕ್ಕಣ್ಣ ಹಿಡಿಕೆಯನ್ನು ಇನ್ನಷ್ಟು ಬಿಗಿಹಿಡಿದ. ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಬಲ ಮಣಿಕಟ್ಟಿನಲ್ಲಿ ಊರ ಮುನೇಶ್ವರನ ಕಪ್ಪು ದಾರ ಒದ್ದೆಯಾಗಿತ್ತು. ಹದಿನೆಂಟರಲ್ಲಿ ತಾಯಿ ಕಟ್ಟಿದ್ದು. ಹರಿದಾಗಲೆಲ್ಲ ಹೊಸದು ಕಟ್ಟಿಸಿಕೊಂಡಿದ್ದನೇ ಹೊರತು ಕೈಯನ್ನು ಬರಿದು ಬಿಟ್ಟವನಲ್ಲ.

ಒಳಗೆ ನೀರು ಸುರಿಯಿತು. ತಿರುಗಿದವರ ಕೈಯಲ್ಲಿದ್ದ ಚೊಂಬು ಬಾಗಿಲಿಗೆ ತಾಗಿ ಟಣ್ ಎಂದಿತು. ಲಕ್ಕಣ್ಣನ ಕೈ ತಾನಾಗಿ ಸಡಿಲಿತು. ಬಾಗಿಲು ಗೇಣಷ್ಟು ಒಳಕ್ಕೆ ಸರಿಯಿತು.

"ಚಾಚಾ, ಹಿಡ್ಕೊಳ್ಳಿ!" ಎಂದ ಮುಬೀನ್.

ಲಕ್ಕಣ್ಣ ಮತ್ತೆ ಎಳೆದ.

*

ಇಬ್ಬರೂ ಬೆಂಗಳೂರಿನವರಾದರೂ ಪರಿಚಯವಾದದ್ದು ರಷ್ಯದಲ್ಲಿ. ಲಕ್ಕಣ್ಣ ಅಮೃತಹಳ್ಳಿಯ ರಾಗಿ ಹೊಲದವನು. ಮನ್ಸೂರ ಯಶವಂತಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರ ಮಗ. ನೌಕಾಪಡೆಗೆ ಸೇರಿ, ಈಜಲು ಕಲಿತು, ಆಮೇಲೆ ಹಡಗು ಕಟ್ಟುವ ಕಾರ್ಖಾನೆಯ ಅಂಗಳದಲ್ಲಿ ಕಿವಿ ಮರಗಟ್ಟುವ ಚಳಿಯಲ್ಲಿ ನಿಂತಿದ್ದಾಗ ಮನ್ಸೂರ ಹಿಂದಿನಿಂದ, "ಥೂ, ಏನ್ ಚಳಿಯಪ್ಪಾ ಇದು," ಎಂದು ಗೊಣಗಿದ. ಲಕ್ಕಣ್ಣನಿಗೆ ಊರಿನ ಬಸ್ಸು ಎದುರು ಬಂದು ನಿಂತಂತಾಯಿತು. ಇಡೀ ತಂಡದಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ.

ತಾವು ಕೂತು ಮುಳುಗಬೇಕಾದ ದೋಣಿ ಹುಟ್ಟುವುದನ್ನು ನಾವಿಕರು ಕಣ್ಣಾರೆ ನೋಡಲಿ ಎಂದು ಅವರನ್ನು ಅಲ್ಲಿಗೆ ಕಳಿಸಿದ್ದರು. ಉಕ್ಕಿನ ದೊಡ್ಡ ದೊಡ್ಡ ಬಳೆಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಬಗ್ಗಿಸಿದ ತಗಡು ಹೊದಿಸಿ ಬೆಸೆಯುತ್ತಿದ್ದರು. ಒಟ್ಟು ಏಳು ಕೋಣೆ. ಕೋಣೆ ಕೋಣೆಗೂ ನಡುವೆ ಉಕ್ಕಿನ ಗೋಡೆ, ಗೋಡೆಗೊಂದು ದುಂಡನೆಯ ಬಾಗಿಲು. ಮೊದಲು ಒಂದು ಕಾಲು ಹಾಕಿ, ತಲೆ ಬಗ್ಗಿಸಿ, ಆಮೇಲೆ ಮೈ ತೂರಿಸಬೇಕು. ದುಭಾಷಿಯ ಮೂಲಕ ಅಲ್ಲಿನ ಮುದಿ ಮೇಸ್ತ್ರಿ ಹೇಳಿದ್ದು ಒಂದೇ ಮಾತು: ನೀರಿನ ಕೆಳಗೆ ದೋಣಿಯನ್ನು ಕಾಯುವುದು ಇಂಜಿನ್ನಲ್ಲ, ಬಾಗಿಲು.

ಬಣ್ಣ ಬಳಿಯುವವರು ಬರುವ ಹಿಂದಿನ ದಿನ ಮನ್ಸೂರ ನಾಲ್ಕನೆಯ ಕೋಣೆಯ ಬಳೆಯೊಂದರ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಇಬ್ಬರ ಹೆಸರು ಬರೆದ. ಮಾರನೆಯ ದಿನ ಅದರ ಮೇಲೆ ಹಸಿರು ಬಣ್ಣ ಬಿತ್ತು.

"ಹೋಯ್ತಲ್ಲೋ," ಎಂದ ಲಕ್ಕಣ್ಣ.

"ಎಲ್ಲಿ ಹೋಗುತ್ತೆ? ಬಣ್ಣದ ಕೆಳಗೆ ಇದೆ ಕಣೋ ಲಕ್ಕ. ಯಾರಿಗೂ ಕಾಣಲ್ಲ. ನಮಗೆ ಗೊತ್ತಲ್ಲ, ಸಾಕು."

ಅಂಥ ದೋಣಿಗಳು ಮೊದಲು ನಾಲ್ಕು ಬಂದವು, ಯುದ್ಧ ಮುಗಿದ ಮೇಲೆ ಇನ್ನೂ ನಾಲ್ಕು. ಮನ್ಸೂರ ಅವನ್ನು ಎಂಟು ಜನ ಅಕ್ಕತಂಗಿಯರು ಎನ್ನುತ್ತಿದ್ದ. ತನ್ನವಳೇ ಎಲ್ಲರಿಗಿಂತ ಚೆಲುವೆ ಎಂದು ಬೇರೆ ದೋಣಿಯವರ ಜೊತೆ ಜಗಳಕ್ಕೆ ಹೋಗುತ್ತಿದ್ದ. ಚೆಲುವೆಯ ಹೊಟ್ಟೆಯೊಳಗೆ ಡೀಸೆಲ್, ಬೆವರು, ಕೊಳೆತ ಎಲೆಕೋಸಿನ ನಾತ. ಮೀಯಲು ನೀರಿಲ್ಲ. ಮೈಗಂಟಿದ ಬನಿಯನ್ನನ್ನು ಒಗೆಯುವ ಬದಲು ಎಸೆಯುವುದು. ಮನ್ಸೂರ ಹಾಸಿಗೆಯಲ್ಲಿ ಬಿದ್ದುಕೊಂಡು ಬಿಸಿನೀರಿನ ಹಂಡೆಯ ವರ್ಣನೆ ಮಾಡಿ ಎಲ್ಲರ ಹೊಟ್ಟೆ ಉರಿಸುತ್ತಿದ್ದ.

ಎಪ್ಪತ್ತೊಂದರ ಯುದ್ಧದಲ್ಲಿ ಗಸ್ತಿಗೆ ಹೋಗಿದ್ದಾಗ ಅದು ಆಯಿತು. ಲಕ್ಕಣ್ಣ ನಾಲ್ಕನೆಯ ಕೋಣೆಯಿಂದ ಮೂರನೆಯದಕ್ಕೆ ದಾಟಿದ್ದನಷ್ಟೇ. ಹಿಂದೆ ಬ್ಯಾಟರಿಗಳ ಕಡೆ ಏನೋ ಸಿಡಿಯಿತು. ತಿರುಗಿ ನೋಡಿದರೆ ನೀಲಿ ಬೆಂಕಿ, ಅದರ ಹಿಂದೆಯೇ ಕರಿ ಹೊಗೆ. ಒಳಗೆ ಮೂವರಿದ್ದರು. ಅದು ಅವನಿಗೆ ಗೊತ್ತಿತ್ತು. ಬಾಗಿಲನ್ನು ಎಳೆದು ಹಿಡಿ ತಿರುಗಿಸಿದ.

'ನಾಲ್ಕನೆಯ ಕೋಣೆ ಮುಚ್ಚಿ' ಎಂಬ ಆದೇಶ ಮಾತಿನ ಕೊಳವೆಯಲ್ಲಿ ಬಂತು. ಅದು ಬಂದದ್ದು ಆಮೇಲೆ. ಎಷ್ಟು ಆಮೇಲೆ? ಒಬ್ಬ ಮನುಷ್ಯ ಒಂದು ಕಾಲು ಹಾಕಿ, ತಲೆ ಬಗ್ಗಿಸಿ, ಆ ಬಾಗಿಲಿನಿಂದ ಈಚೆ ಬರುವಷ್ಟು ಆಮೇಲೆ. ಲಕ್ಕಣ್ಣ ಐವತ್ತು ವರ್ಷ ಅದನ್ನೇ ಅಳೆದಿದ್ದಾನೆ, ಪ್ರತಿ ಸಲವೂ ಅಷ್ಟೇ ಬಂದಿದೆ.

ಆಚೆಯಿಂದ ಸ್ಪ್ಯಾನರಿನಲ್ಲಿ ಬಡಿದರು. ಆಮೇಲೆ ಕನ್ನಡದಲ್ಲಿ ಒಂದು ಕೂಗು: "ತೆಗಿಯೋ! ನಾನಿದ್ದೀನಿ ಕಣೋ, ತೆಗಿಯೋ!"

ಲಕ್ಕಣ್ಣ ಓಡಿದ. ಮುಂದಿನ ಕೋಣೆಗೆ, ಅದರ ಮುಂದಿನದಕ್ಕೆ. ಉಕ್ಕಿನ ತಗಡಿನ ಮೇಲೆ ಅವನ ಬೂಟು ದಡದಡ ಸದ್ದು ಮಾಡಿತು.

ಬೆಂಕಿ ಆರಿಸಿ ಬಾಗಿಲು ತೆರೆದಾಗ ಇಬ್ಬರು ಸತ್ತಿದ್ದರು. ಒದ್ದೆ ಕಂಬಳಿ ಮುಖಕ್ಕೆ ಕಟ್ಟಿಕೊಂಡು ನೆಲಕ್ಕಂಟಿ ಬಿದ್ದಿದ್ದ ಮನ್ಸೂರ ಬದುಕಿದ್ದ. ಸಮಯಪ್ರಜ್ಞೆಯಿಂದ ದೋಣಿ ಉಳಿಸಿದವನೆಂದು ಮೇಲಧಿಕಾರಿ ಲಕ್ಕಣ್ಣನ ಬೆನ್ನು ತಟ್ಟಿ, ಬಾಗಿಲು ಹಾಕಿದ್ದು ಯಾರೆಂದು ಮನ್ಸೂರನಿಗೆ ಹೇಳುವುದು ಬೇಡವೆಂದ. ಬೊಂಬಾಯಿಯ ಆಸ್ಪತ್ರೆಯಲ್ಲಿ ಮನ್ಸೂರ ಹೇಳಿದ, "ಬಾಗಿಲು ಹಾಕಿದ್ದಕ್ಕೆ ಏನೂ ಇಲ್ಲ ಕಣೋ ಲಕ್ಕ. ಹಾಕ್ಲೇಬೇಕು. ಹಾಕಿ ಓಡೋದ್ನಲ್ಲ, ಆ ಬೂಟಿನ ಸದ್ದು ಕಿವಿಯಿಂದ ಹೋಗ್ತಿಲ್ಲ." ಲಕ್ಕಣ್ಣ ಕಿತ್ತಳೆ ಸುಲಿದು ಅವನ ಬಾಯಿಗಿಟ್ಟ.

*

ಸ್ನಾನ ಮುಗಿದು ಬಾಗಿಲು ತೆರೆಯಿತು. ಲಕ್ಕಣ್ಣನ ಬೆರಳುಗಳು ಹಿಡಿಕೆಗೆ ಮರಗಟ್ಟಿದ್ದವು. ಮುಬೀನನೇ ಒಂದೊಂದಾಗಿ ಬಿಡಿಸಿದ.

"ಮುಖ ನೋಡ್ತೀರಾ ಚಾಚಾ?"

ಕರ್ಪೂರದ ವಾಸನೆಯ ಬಿಳಿ ಬಟ್ಟೆಯೊಳಗೆ ಮನ್ಸೂರ ಬಿಸಿನೀರು ಮಿಂದವನ ಹಾಗೆಯೇ ಇದ್ದ. ಲಕ್ಕಣ್ಣ ಬಗ್ಗಿ ಕಿವಿಯ ಹತ್ತಿರ ಬಾಯಿ ತಂದ. ಇಬ್ಬರು ಹೆಂಗಸರು ಬಿಕ್ಕುತ್ತ ಒಳಗೆ ಬಂದರು. ಅವನು ನೆಟ್ಟಗಾದ.

ಪ್ರತಿ ಭಾನುವಾರ ಹೆಬ್ಬಾಳ ದಾಟಿ ಈ ಮನೆಗೆ ಬರುತ್ತಿದ್ದ. ಇಬ್ಬರೂ ಚೌಕಾಬಾರ ಆಡಿ, ಚಹಾ ಕುಡಿದು, ದೋಣಿಗಳ ಸುದ್ದಿ ಮಾತಾಡುತ್ತಿದ್ದರು. ಅಕ್ಕತಂಗಿಯರಲ್ಲಿ ಒಬ್ಬಳನ್ನು ವಿಶಾಖಪಟ್ಟಣದ ಕಡಲ ದಂಡೆಗೆ ಎಳೆದು ಟಿಕೆಟ್ ಇಟ್ಟು ತೋರಿಸುತ್ತಾರೆ. ಮಿಕ್ಕವರನ್ನು ಕಡಿದು ಗುಜರಿಗೆ ಹಾಕಿದರೆಂದು ಒಂದೊಂದೇ ಸುದ್ದಿ ಬಂದಾಗ ಮನ್ಸೂರ, "ಇನ್ನೊಬ್ಬಳು ಹೋದಳು," ಎಂದು ಹೆಂಡತಿ ದಿಲ್ಶಾದಳಿಗೆ ಶಾವಿಗೆ ಪಾಯಸ ಮಾಡಲು ಹೇಳುತ್ತಿದ್ದ. ಲಕ್ಕಣ್ಣ ಅದನ್ನು ತಿಥಿ ಊಟ ಎನ್ನುತ್ತಿದ್ದ. ತಮ್ಮ ದೋಣಿಯೇ ಹೋದ ದಿನ ಮನ್ಸೂರ ಪಾಯಸ ಮುಟ್ಟಲಿಲ್ಲ. "ಆ ಬಣ್ಣದ ಕೆಳಗಿನ ಹೆಸರೂ ಕುಲುಮೆಗೆ ಹೋಯ್ತಲ್ಲೋ," ಎಂದ. ಅವತ್ತು ಹೇಳಿಬಿಡಬೇಕೆಂದು ಲಕ್ಕಣ್ಣನ ಬಾಯಿಗೆ ಬಂದಿತ್ತು. ಮುಂದಿನ ಭಾನುವಾರ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂದು ತನ್ನ ಮಕ್ಕಳಿಗೆ ಬೈಯುತ್ತಿದ್ದವನೂ ಅವನೇ.

ಇನ್ನು ಭಾನುವಾರವಿಲ್ಲ. ಮಣ್ಣಾಗುವ ಮೊದಲು ಹೇಳಬೇಕು. ಯಾರಿಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಜನಾಜ ಎತ್ತುವ ಮುಂಚೆ ಮುಬೀನ್ ಬೀದಿಯಲ್ಲಿ ಕೈಕಟ್ಟಿ ನಿಂತು, ಮೊದಲು ತಮ್ಮ ಭಾಷೆಯಲ್ಲಿ, ಆಮೇಲೆ ಅಕ್ಕಪಕ್ಕದವರಿಗಾಗಿ ಕನ್ನಡದಲ್ಲಿ ಹೇಳಿದ. "ನಮ್ ಅಬ್ಬಾ ಯಾರಿಗಾದ್ರೂ ಒಂದು ಮಾತು ಅಂದಿದ್ರೆ, ಯಾರ ಮನಸ್ಸಾದ್ರೂ ನೋಯಿಸಿದ್ರೆ, ದಯವಿಟ್ಟು ಮಾಫ್ ಮಾಡ್ಬಿಡಿ. ಅವರಿಂದ ಯಾರಿಗಾದ್ರೂ ಏನಾದ್ರೂ ಬಾಕಿ ಇದ್ರೆ ನನ್ನ ಕೇಳಿ."

"ಮಾಫ್, ಮಾಫ್," ಎಂದರು ಜನ. ವಿಜಯ್ ಕುಮಾರ್ ಕೂಡ ಕಣ್ಣೊರೆಸಿಕೊಂಡು ಮಾಫ್ ಎಂದರು.

ಲಕ್ಕಣ್ಣ ಹಜರತ್ತರ ತೋಳು ಹಿಡಿದ. "ಸ್ವಾಮಿ, ಇದು ಸತ್ತೋನು ಕೇಳೋದು. ಸತ್ತೋನ್ಗೆ ತಪ್ಪು ಮಾಡಿರೋನು ಕೇಳೋದು ಯಾವಾಗ?"

ಹಜರತ್ತರು ಆ ಮುದುಕನ ಮುಖ ನೋಡಿದರು. ಸುಳ್ಳು ಸಮಾಧಾನ ಹೇಳುವ ಮನುಷ್ಯರಲ್ಲ. "ಅದು ಬದುಕಿರೋವಾಗ ಕೇಳ್ಬೇಕಾದ್ದು ಯಜಮಾನ್ರೇ. ಮನುಷ್ಯ ಮನುಷ್ಯನಿಗೆ ಮಾಡಿದ್ದನ್ನ ಆ ಮನುಷ್ಯನೇ ಬಿಡ್ಬೇಕು. ದೇವರೂ ಅವನನ್ನೇ ಕೇಳ್ತಾನೆ," ಎಂದರು.

*

ಒಳರೂಮಿನ ಬಾಗಿಲಿಗೆ ಹಳೆಯ ಸೀರೆಯ ಪರದೆ ಹಾಕಿತ್ತು. ಗಂಡ ಸತ್ತ ಹೆಂಗಸು ಇನ್ನು ಕೆಲವು ತಿಂಗಳು ಹೊರಗಿನ ಗಂಡಸರ ಎದುರಿಗೆ ಬರುವಂತಿಲ್ಲ. ಲಕ್ಕಣ್ಣ ಪರದೆಯ ಈಚೆ ಗೋಡೆಗೊರಗಿ ನೆಲದ ಮೇಲೆ ಕೂತ.

"ಭಾಬಿ, ನಾನು, ಲಕ್ಕಣ್ಣ."

"ಕೂತ್ಕೊಳ್ಳಿ ಅಣ್ಣ. ಬೆಳಿಗ್ಗೆಯಿಂದ ಏನೂ ತಿಂದಿಲ್ಲಂತೆ."

"ಅದಿರ್ಲಿ. ಒಂದು ಮಾತು ಏಳ್ಬೇಕು. ಇವತ್ತು ಬಿಟ್ರೆ ಆಗಾಕಿಲ್ಲ." ಅವನು ಪರದೆಯತ್ತ ತಿರುಗಿದ. "ಆವತ್ತು ಬೋಟ್ನಾಗೆ ಬಾಗ್ಲು ಆಕಿದ್ದು ನಾನೇ. ಆರ್ಡರ್ ಬಂದಿರ್ಲಿಲ್ಲ ಭಾಬಿ. ಎದ್ರುಕೊಂಡು ಆಕ್ಬಿಟ್ಟೆ. ಅವನು ಕೂಗಿದ್ದು ಕೇಳಿಸ್ತು. ಓಡೋದೆ."

ಪರದೆಯ ಆಚೆ ಯಾರೋ ಮೂಗೆಳೆದುಕೊಂಡರು. ದಿಲ್ಶಾದ್ ಅವರನ್ನು ಹೊರಗೆ ಹೋಗುವಂತೆ ಹೇಳಿದ್ದು, ಬಳೆಗಳ ಸದ್ದು ಹಿತ್ತಲ ಕಡೆ ಹೋದದ್ದು ಕೇಳಿಸಿತು.

"ಗೊತ್ತು ಅಣ್ಣ," ಎಂದಳು.

ಲಕ್ಕಣ್ಣನಿಗೆ ಅರ್ಥವಾಗಲಿಲ್ಲ.

"ಬಾಗಿಲು ಮುಚ್ಕೊಳ್ಳೋವಾಗ ಕೈ ಕಾಣಿಸ್ತಂತೆ. ಕಪ್ಪು ದಾರ ಕಟ್ಟಿದ ಕೈ. ನಮ್ ಮನೆಯವ್ರು ಜ್ವರ ಬಂದ್ರೂ ನಮ್ ಭಾಷೇಲೇ ಬಡಬಡಿಸೋರು. ಅವತ್ತು ಕನ್ನಡದಲ್ಲಿ ಯಾಕೆ ಕೂಗಿದ್ರು ಹೇಳಿ? ಆಚೆ ಇರೋದು ಯಾರು ಅಂತ ಗೊತ್ತಿದ್ದಕ್ಕೇ ಅಲ್ವಾ?"

ಹೊರಗೆ ಬೀದಿಯಲ್ಲಿ ಯಾರೋ ವ್ಯಾನಿನವನಿಗೆ ಹಿಂದೆ ಬಾ, ಹಿಂದೆ ಬಾ ಎನ್ನುತ್ತಿದ್ದರು. ಮನ್ಸೂರನ ಆ ಕೂಗನ್ನು ಲಕ್ಕಣ್ಣ ರಾತ್ರಿಗಳಲ್ಲಿ ಎಷ್ಟು ಸಲ ಕೇಳಿದ್ದಾನೆ! ಸಾಯುವ ಭಯದಲ್ಲಿ ಬಾಯಿಗೆ ಯಾವ ಭಾಷೆ ಬೇಕಾದರೂ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲು ಬದಲಿಸಿದ್ದಾನೆ.

"ನನ್ನ ಯಾಕೆ ಕೇಳ್ಲಿಲ್ಲ ಅವನು?"

"ನಾನೂ ಅದನ್ನೇ ಕೇಳ್ದೆ. 'ನಾನು ಕೇಳಿದ್ರೆ ಲೆಕ್ಕ ಕೇಳ್ದಂಗಾಗುತ್ತೆ ದಿಲ್ಶಾದ್, ಅವನೇ ಹೇಳ್ಲಿ' ಅನ್ನೋರು. ಪ್ರತಿ ಸಂಡೇ ನೀವು ಹೋದ್ಮೇಲೆ ಚಹಾ ಲೋಟ ತೊಳೀತಾ ನಾನು ಮುಖ ನೋಡೋಳು. ಇಲ್ಲ ಅಂತ ತಲೆ ಆಡಿಸೋರು."

ಲಕ್ಕಣ್ಣ ಮುಖ ಮುಚ್ಚಿಕೊಂಡ. ದಿಲ್ಶಾದಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ವಿಶಾಖಪಟ್ಟಣಕ್ಕೆ ಹೋಗಿ ಬಂದ್ರಲ್ಲ ಇಬ್ರೂ," ಎಂದಳು ಅವಳು. "ಅವತ್ತು ಮಾತ್ರ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ರು. 'ಅವನು ಸತ್ತೋಗಿರ್ತಾನೆ ಅಂದ್ಬಿಟ್ಟ ದಿಲ್ಶಾದ್' ಅಂದ್ರು. ಆಮೇಲೆ ಆ ವಿಷ್ಯ ಎತ್ತಲೇ ಇಲ್ಲ."

*

ಕಡಲ ದಂಡೆಯ ಮೇಲೆ ನಿಂತಿದ್ದ ಆ ದೋಣಿ ತಮ್ಮದಲ್ಲ, ತಮ್ಮದರ ತಂಗಿ. ಆದರೂ ಒಳಗೆ ಎಲ್ಲವೂ ಅದೇ. ಅದೇ ಹಸಿರು ಬಣ್ಣ, ಅದೇ ಕೊಳವೆಗಳು. ಶಾಲೆಯ ಮಕ್ಕಳು ಸಾಲಾಗಿ ಕಿರುಚುತ್ತ ಹೋಗುತ್ತಿದ್ದರು. ನಾಲ್ಕನೆಯ ಕೋಣೆಯ ದುಂಡು ಬಾಗಿಲಿನ ಹತ್ತಿರ ಮನ್ಸೂರ ನಿಂತುಬಿಟ್ಟ. ಹಿಂದಿನವರು ಸರಿಯಿರೆಂದು ಗದರಿದರೂ ಅಲುಗಲಿಲ್ಲ. ಹಿಡಿಯ ಮೇಲೆ ಅಂಗೈಯಿಟ್ಟ.

"ಇದನ್ನ ತಿರುಗಿಸಿದೋನು ಬದುಕಿದ್ದಾನೋ ಇಲ್ವೋ ಲಕ್ಕ," ಎಂದ. ಎಂದು ಲಕ್ಕಣ್ಣನ ಕೈಯನ್ನು ನೋಡುತ್ತ ನಿಂತ. ಬಹಳ ಹೊತ್ತು ನಿಂತ.

"ಎಲ್ ಬದುಕಿರ್ತಾನೆ. ಸತ್ತೋಗಿರ್ತಾನೆ ಬಿಡು," ಎಂದ ಲಕ್ಕಣ್ಣ. "ನಡಿ ನಡಿ, ಇಂದೆ ಜನ ಕಾಯ್ತಾವ್ರೆ."

ಮನ್ಸೂರ ಹಿಡಿಯಿಂದ ಕೈ ತೆಗೆದ. ಒಂದು ಕಾಲು ಹಾಕಿ, ತಲೆ ಬಗ್ಗಿಸಿ, ಬಾಗಿಲು ದಾಟಿ ಹೋದ.

*

"ಭಾಬಿ," ಎಂದ ಲಕ್ಕಣ್ಣ. "ಏಳಿದ್ರೆ ಬಿಟ್ಬಿಡ್ತಿದ್ನಾ ನನ್ನ?"

"ಅದು ನಾನು ಹೆಂಗ್ ಹೇಳ್ಲಿ ಅಣ್ಣ? ಅವ್ರ ಹಕ್ಕು ಅದು. ಅವ್ರ ಜೊತೇಲೇ ಹೋಯ್ತು."

"ನೀವಾದ್ರೂ ಒಂದು ಮಾತು..."

"ನನಗೆ ನೀವೇನೂ ಮಾಡಿಲ್ಲ," ಎಂದಳು ದಿಲ್ಶಾದ್. ಆಮೇಲೆ ಅವಳಿಗೆ ಅಳು ಬಂತು. ಅದು ತನ್ನ ಗಂಡನಿಗಾಗಿ ಅತ್ತದ್ದು. ಅದರಲ್ಲಿ ತನ್ನ ಪಾಲಿಲ್ಲವೆಂದು ಲಕ್ಕಣ್ಣನಿಗೆ ತಿಳಿಯಿತು. ಮುಬೀನ್ ಬಂದು, "ಚಾಚಾ, ಹೊರಡ್ತಿದ್ದೀವಿ," ಎಂದು ತೋಳು ಹಿಡಿದೆಬ್ಬಿಸಿದ.

ಜನಾಜ ಹೊಸ್ತಿಲು ದಾಟಿತು. ಅದಕ್ಕೆ ಯಾರೂ ಬಾಗಿಲು ತೆರೆಯಬೇಕಾಗಲಿಲ್ಲ.

ಕಬ್ರಸ್ತಾನದಲ್ಲಿ ನಮಾಜು ಮುಗಿಯುವವರೆಗೂ ಲಕ್ಕಣ್ಣ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದ. ಮನ್ಸೂರನನ್ನು ಗುಂಡಿಗಿಳಿಸಿ, ಮೇಲೆ ಅಡ್ಡಡ್ಡ ಹಲಗೆ ಜೋಡಿಸತೊಡಗಿದರು. ಸಂದುಗಳಿಗೆ ಕೆಸರು ಮೆತ್ತುತ್ತಿದ್ದರು. ಕೊನೆಯ ಹಲಗೆಯೊಂದು ಉಳಿದಿತ್ತು. ಮುಬೀನ್ ತಿರುಗಿ, "ಚಾಚಾ, ನೀವು ಬನ್ನಿ. ಅಬ್ಬಾಗೆ ನಿಮಗಿಂತ ಹತ್ತಿರದವರು ಯಾರಿದ್ರು?" ಎಂದು ಕರೆದ. ಆ ಹುಡುಗನಿಗೆ ಏನೂ ಗೊತ್ತಿರಲಿಲ್ಲ. ಪ್ರೀತಿಗೇ ಕರೆದಿದ್ದ.

ಎಲ್ಲರೂ ದಾರಿ ಬಿಟ್ಟರು. ಲಕ್ಕಣ್ಣ ಮಂಡಿಯೂರಿ ಹಲಗೆ ತೆಗೆದುಕೊಂಡ. ಸಂದಿನೊಳಗೆ ಬಿಳಿ ಬಟ್ಟೆ ಸ್ವಲ್ಪ ಕಾಣುತ್ತಿತ್ತು. ಅವನು ಅಲ್ಲೇ ಇದ್ದ, ಹಲಗೆ ಹಿಡಿದುಕೊಂಡು, ಯಾರೋ ಕೆಮ್ಮುವವರೆಗೂ. ಆಮೇಲೆ ಇಟ್ಟ. ಅದು ಸರಿಯಾಗಿ ಕೂತಿತು.

ಎಲ್ಲರ ಜೊತೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ದುವಾ ಮುಗಿಯಿತು. ಜನ ಪಂಚೆ, ಪ್ಯಾಂಟು ಕೊಡವಿಕೊಂಡು ಗೇಟಿನತ್ತ ಹೊರಟರು. ಜಲ್ಲಿ ಹಾಕಿದ ದಾರಿ. ಚಪ್ಪಲಿ, ಬೂಟುಗಳು ಅದರ ಮೇಲೆ ಕರಕರ ಎನ್ನುತ್ತ ದೂರವಾಗತೊಡಗಿದವು.

ಚೌಕಾಬಾರ ಆಡುತ್ತ ಮನ್ಸೂರ ಒಮ್ಮೆ ಹೇಳಿದ್ದ: "ನಮ್ಮಲ್ಲಿ ಒಂದು ಮಾತಿದೆ ಕಣೋ ಲಕ್ಕ. ಮಣ್ಣು ಮಾಡಿ ವಾಪಸ್ ಹೋಗೋರ ಚಪ್ಪಲಿ ಸದ್ದು ಒಳಗಿರೋನಿಗೆ ಕೇಳುತ್ತಂತೆ. ನನಗೆ ಅದು ಹೊಸದಲ್ಲ ಬಿಡು." ಎಂದು ನಕ್ಕಿದ್ದ. ಲಕ್ಕಣ್ಣನೂ ನಕ್ಕು ಕಾಯಿ ನಡೆಸಿದ್ದ.

ಎಲ್ಲರೂ ಗೇಟು ದಾಟಿದರು. ಮುಬೀನನೊಬ್ಬ ಗೇಟಿನ ಬಳಿ ನಿಂತು ಕಾಯುತ್ತಿದ್ದ. ಲಕ್ಕಣ್ಣ ಹಸಿ ಮಣ್ಣಿನ ಪಕ್ಕ ಬಗ್ಗಿ ಒಂದು ಚಪ್ಪಲಿ ಬಿಚ್ಚಿದ, ಆಮೇಲೆ ಇನ್ನೊಂದು. ಎರಡನ್ನೂ ಎದೆಗವಚಿಕೊಂಡು ಜಲ್ಲಿಯ ಮೇಲೆ ಬರಿಗಾಲಿಟ್ಟ.

"ಚಾಚಾ! ಚಪ್ಪಲಿ ಹಾಕ್ಕೊಳ್ಳಿ, ಗಾಜಿನ ಚೂರು ಬಿದ್ದಿವೆ ಅಲ್ಲಿ!"

ಲಕ್ಕಣ್ಣ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿದ. ಇನ್ನೊಂದು ಹೆಜ್ಜೆಯನ್ನು ಮೆಲ್ಲಗೆ, ತುದಿಗಾಲಿನಲ್ಲಿ ಊರಿದ.